ಮೊದಲ ಡಿಎಸ್‌ಎಲ್‌ಆರ್: ಲೆನ್ಸ್ ಮೊದಲು, ಬಾಡಿ ಆಮೇಲೆ

ಡಿಎಸ್‌ಎಲ್‌ಆರ್ ಅಂದರೆ ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಕ್ಯಾನನ್ ಮತ್ತು ನಿಕಾನ್ ಅದರ ಹೊಸ ಮಾದರಿ ಬಿಟ್ಟದ್ದು 2020ರಲ್ಲೇ ಕೊನೆ. ಅಲ್ಲಿಂದೀಚೆಗೆ ಲೆನ್ಸ್ ಬದಲಿಸುವ ಕ್ಯಾಮೆರಾಗಳಲ್ಲಿ ಅವರು ತಂದದ್ದೆಲ್ಲ ಕನ್ನಡಿ ಇಲ್ಲದ ಮಿರರ್‌ಲೆಸ್. ಪೆಂಟಾಕ್ಸ್ ಆಮೇಲೂ ಕನ್ನಡಿಯ ಕ್ಯಾಮೆರಾ ತಂದಿದೆ ನಿಜ, ಆದರೆ ನಮ್ಮ ಪೇಟೆಯಲ್ಲಿ ಅದಕ್ಕೆ ಲೆನ್ಸ್ ಹುಡುಕುವುದೇ ಕಷ್ಟ. ಮದುವೆ ಫೋಟೊದವರು, ಸ್ಟುಡಿಯೊದವರು ಮಿರರ್‌ಲೆಸ್ಸಿಗೆ ಹೊರಳುತ್ತಿದ್ದಂತೆ ಅವರ ಹಳೆಯ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಲೆನ್ಸ್‌ಗಳು ಸೆಕೆಂಡ್‌ಹ್ಯಾಂಡ್ ಪೇಟೆಗೆ ಇಳಿದಿವೆ. ಕಾಲೇಜು ಹುಡುಗರಿಗೆ, ಹಕ್ಕಿಯ ಗೀಳು ಹತ್ತಿಸಿಕೊಂಡವರಿಗೆ, ಮಗುವಿನ ಫೋಟೊ ಚೆನ್ನಾಗಿ ಬರಲಿ ಎನ್ನುವ ಅಪ್ಪ-ಅಮ್ಮಂದಿರಿಗೆ ಒಳ್ಳೆಯ ಕ್ಯಾಮೆರಾ ಈಗ ಕೈಗೆಟುಕುವಂತಿದೆ.

ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಮೊದಲು ಕಣ್ಣಿಗೆ ಬೀಳುವುದು ಬಾಡಿಯ ಹೆಸರು ಮತ್ತು ಮೆಗಾಪಿಕ್ಸೆಲ್ಲು. ಚಿತ್ರ ಹೇಗೆ ಬರುತ್ತದೆ ಎಂಬುದನ್ನು ಹೆಚ್ಚು ತೀರ್ಮಾನಿಸುವುದು ಲೆನ್ಸ್. ಹಾಗಾಗಿ ಲೆಕ್ಕವನ್ನು ಅಲ್ಲಿಂದ ಶುರು ಮಾಡುವುದೇ ಸರಿ. ಅದಕ್ಕೆ ಮೊದಲು ಡಬ್ಬಿಯೊಳಗೆ ಏನಿದೆ ಎಂದು ಒಮ್ಮೆ ಇಣುಕೋಣ.

ಕನ್ನಡಿ ಮಾಡುವ ಕೆಲಸ

ಲೆನ್ಸಿನಿಂದ ಒಳಬಂದ ಬೆಳಕು 45 ಡಿಗ್ರಿ ವಾಲಿಸಿ ಕೂರಿಸಿದ ಕನ್ನಡಿಗೆ ಬಡಿದು ಮೇಲಕ್ಕೆ ಹೋಗುತ್ತದೆ. ಅಲ್ಲಿರುವ ಪಟ್ಟಕ ಅಥವಾ ಕನ್ನಡಿಗಳ ಜೋಡಣೆ ಅದನ್ನು ತಿರುಗಿಸಿ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಮೂಲಕ ನಿಮಗೆ ಮುಟ್ಟಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಟಪ್ಪೆಂದು ಮೇಲೆದ್ದು, ಶಟರ್ ಎಂಬ ತೆರೆ ಸರಿದು, ಹಿಂದಿರುವ ಸೆನ್ಸರಿನ, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್‌ನ ಮೇಲೆ ಬೆಳಕು ಬೀಳುತ್ತದೆ. ಡಿಎಸ್‌ಎಲ್‌ಆರ್‌ನ ಆ 'ಖಟ್' ಸದ್ದಿನಲ್ಲಿ ದೊಡ್ಡ ಪಾಲು ಈ ಕನ್ನಡಿಯದು. ಮಿರರ್‌ಲೆಸ್ಸಿನಲ್ಲಿ ಕನ್ನಡಿ ಇಲ್ಲ, ಬೆಳಕು ಸದಾ ಸೆನ್ಸರಿನ ಮೇಲೇ ಬೀಳುತ್ತದೆ, ನೀವು ನೋಡುವುದು ಪುಟ್ಟ ಪರದೆಯನ್ನು.

ಈ ಒಂದು ವ್ಯತ್ಯಾಸದಿಂದ ಮೂರು ಪರಿಣಾಮ. ಒಂದು, ವ್ಯೂಫೈಂಡರ್‌ಗೆ ಹೆಚ್ಚುಕಡಿಮೆ ಕರೆಂಟೇ ಬೇಡ. ನಿಕಾನ್ ಡಿ3500 ಒಂದು ಚಾರ್ಜಿಗೆ 1,550 ಚಿತ್ರ ತೆಗೆಯುತ್ತದೆಂದು ಕಂಪನಿಯೇ ಹೇಳುವುದು ಇದೇ ಕಾರಣಕ್ಕೆ. ಎರಡು, ಫೋಕಸ್ ಮಾಡುವ ಸಾಧನ ಸೆನ್ಸರಿನಲ್ಲಿಲ್ಲ, ಕನ್ನಡಿಯ ಕೆಳಗೆ ಬೇರೆಯೇ ಇದೆ. ಕ್ಯಾಮೆರಾ ಬಿದ್ದು ಅಥವಾ ಜೋಡಣೆಯಲ್ಲೇ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಫೋಕಸ್ ಕಣ್ಣಿನ ಮೇಲೆ ಇಟ್ಟರೂ ಕಿವಿಯ ಮೇಲೆ ಹೋಗಿ ಕೂರುತ್ತದೆ. ಮೂರು, ಹಿಂದಿನ ಪರದೆ ನೋಡಿಕೊಂಡು ತೆಗೆಯುವ ಲೈವ್ ವ್ಯೂನಲ್ಲಿ ಹೆಚ್ಚಿನ ಡಿಎಸ್‌ಎಲ್‌ಆರ್‌ಗಳು ಫೋಕಸ್‌ಗೆ ತಡಕಾಡುತ್ತವೆ. ವಿಡಿಯೊವೇ ಮುಖ್ಯ ಎನ್ನುವವರು ಇಲ್ಲಿಗೇ ನಿಂತು ಮಿರರ್‌ಲೆಸ್ ನೋಡುವುದು ಒಳ್ಳೆಯದು.

ಸೆನ್ಸರ್ ಮತ್ತು ಮೆಗಾಪಿಕ್ಸೆಲ್, ಬೇಗ ಮುಗಿಸೋಣ

ಹಳೆಯ ರೀಲಿನ ಒಂದು ಫ್ರೇಮ್ 36×24 ಮಿ.ಮೀ. ಅಷ್ಟೇ ದೊಡ್ಡ ಸೆನ್ಸರ್ ಇದ್ದರೆ ಅದು ಫುಲ್ ಫ್ರೇಮ್. ಮೊದಲ ಕ್ಯಾಮೆರಾ ಎಂದು ಕೊಳ್ಳುವವುಗಳಲ್ಲಿ ಹೆಚ್ಚಿನವು ಎಪಿಎಸ್-ಸಿ: ನಿಕಾನಿನಲ್ಲಿ ಸುಮಾರು 23.5×15.6, ಕ್ಯಾನನ್ನಿನಲ್ಲಿ 22.3×14.9 ಮಿ.ಮೀ. ಸೆನ್ಸರ್ ಚಿಕ್ಕದಾದಂತೆ ಅದೇ ಲೆನ್ಸಿನ ನೋಟದ ನಡುಭಾಗ ಮಾತ್ರ ಸಿಗುತ್ತದೆ. ಕಿಟಕಿ ಅದೇ ಜಾಗದಲ್ಲಿದ್ದು ಚೌಕಟ್ಟು ಕಿರಿದಾದ ಹಾಗೆ. ಅದಕ್ಕೇ 50 ಮಿ.ಮೀ. ಲೆನ್ಸ್ ನಿಕಾನ್ ಎಪಿಎಸ್-ಸಿ ಮೇಲೆ 75ರಂತೆ (1.5 ಪಟ್ಟು), ಕ್ಯಾನನ್ ಮೇಲೆ 80ರಂತೆ (1.6 ಪಟ್ಟು) ಕಾಣಿಸುತ್ತದೆ. ದೂರದ ಹಕ್ಕಿಗೆ ಇದು ಲಾಭ, ಇಕ್ಕಟ್ಟಾದ ಕೋಣೆಗೆ ನಷ್ಟ.

24 ಮೆಗಾಪಿಕ್ಸೆಲ್ ಅಂದರೆ 6000×4000 ಚುಕ್ಕಿ. 12×18 ಇಂಚಿನ ಆಲ್ಬಮ್ ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಲು ಬೇಕಾದದ್ದು 5400×3600, ಸುಮಾರು 19.4 ಮೆಗಾಪಿಕ್ಸೆಲ್. 4ಕೆ ಟಿವಿಗಂತೂ 8.3 ಸಾಕು. ಹತ್ತು ವರ್ಷ ಹಳೆಯ 24 ಮೆಗಾಪಿಕ್ಸೆಲ್ ಬಾಡಿಯೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಈ ಅಂಕಿಗೆ ಇದಕ್ಕಿಂತ ಹೆಚ್ಚು ಮಾತು ಬೇಡ.

ಲೆನ್ಸಿನ ಮೇಲಿನ ಎರಡು ಅಂಕಿ

ಕಿಟ್ ಲೆನ್ಸ್ ಎಂದು ಕ್ಯಾಮೆರಾ ಜೊತೆ ಬರುವುದರ ಮೇಲೆ '18-55 ಮಿ.ಮೀ., ಎಫ್/3.5-5.6' ಎಂದು ಬರೆದಿರುತ್ತದೆ. ಮೊದಲನೆಯದು ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಬಂದ ಸಂಗಮದೂರ. ಅಂಕಿ ಚಿಕ್ಕದಾದಷ್ಟೂ ಅಗಲದ ನೋಟ, ದೊಡ್ಡದಾದಷ್ಟೂ ದೂರದ್ದನ್ನು ಹತ್ತಿರಕ್ಕೆಳೆಯುವ ನೋಟ.

ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಸೆನ್ಸರಿನ ಅಗಲವನ್ನು ದೂರದಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ ಫ್ರೇಮಿನಲ್ಲಿ ಎಷ್ಟು ಅಗಲ ಹಿಡಿಸುತ್ತದೆಂದು ಸಿಗುತ್ತದೆ. ನಿಕಾನ್ ಎಪಿಎಸ್-ಸಿ ಹಿಡಿದು ಮೂರು ಮೀಟರ್, ಅಂದರೆ ಹತ್ತಡಿಯಷ್ಟು ದೂರ ನಿಂತಿದ್ದೀರಿ ಎನ್ನಿ. 18ರಲ್ಲಿ ಸುಮಾರು 3.9 ಮೀಟರ್ ಅಗಲ ಸಿಗುತ್ತದೆ, ತೊಟ್ಟಿಲ ಸುತ್ತ ನಿಂತ ಬಳಗವೆಲ್ಲ ಬರುತ್ತದೆ. 35ರಲ್ಲಿ 2 ಮೀಟರ್, ಮೂರು ಜನ ಆರಾಮ. 50ರಲ್ಲಿ 1.4 ಮೀಟರ್, ಇಬ್ಬರು ಭುಜ ತಾಗಿಸಿ ನಿಲ್ಲಬೇಕು. ಎಲ್ಲರೂ ಹೊಗಳುವ 50 ಮಿ.ಮೀ. ಲೆನ್ಸನ್ನು ಕೊಂಡು ತಂದವರು ಬಾಡಿಗೆ ಮನೆಯ ಹಾಲಿನಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತು 'ಹಿಡಿಸ್ತಾ ಇಲ್ಲ' ಎನ್ನುವುದು ಇದಕ್ಕೇ.

ಎರಡನೇ ಅಂಕಿ ಎಫ್ ಸಂಖ್ಯೆ. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ ಇದೆ, ಅಪರ್ಚರ್ ಎನ್ನುತ್ತಾರೆ. ಹಳೆಯ ಹಂಚಿನ ಮನೆಯ ಬೆಳಕಿಂಡಿಯನ್ನು ನೆನೆದುಕೊಳ್ಳಿ. ಎಫ್ ಸಂಖ್ಯೆ ಎಂದರೆ ಸಂಗಮದೂರವನ್ನು ಈ ಕಿಂಡಿಯ ವ್ಯಾಸದಿಂದ ಭಾಗಿಸಿ ಬಂದದ್ದು. ಭಾಗಿಸುವ ಲೆಕ್ಕವಾದ್ದರಿಂದ ಸಂಖ್ಯೆ ಚಿಕ್ಕದಾದರೆ ಕಿಂಡಿ ದೊಡ್ಡದು. ಹೊಸಬರು ಎಡವುವುದು ಇಲ್ಲೇ.

55 ಮಿ.ಮೀ.ನಲ್ಲಿ ಎಫ್/5.6 ಅಂದರೆ ಕಿಂಡಿಯ ವ್ಯಾಸ ಹೆಚ್ಚುಕಡಿಮೆ 10 ಮಿ.ಮೀ. 50 ಮಿ.ಮೀ., ಎಫ್/1.8 ಲೆನ್ಸಿನಲ್ಲಿ ಸುಮಾರು 28 ಮಿ.ಮೀ. ಅಂದರೆ ಒಂದರಲ್ಲಿ ಕಿರುಬೆರಳು ತೂರುವಷ್ಟು ತೂತು, ಇನ್ನೊಂದರಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಬಾಗಿಲು. ಬೆಳಕಿನ ಲೆಕ್ಕದಲ್ಲಿ ಎರಡನೆಯದು ಒಂಬತ್ತು ಪಟ್ಟಿಗೂ ಹೆಚ್ಚು. ಕಿಟ್ ಲೆನ್ಸಿನ ಮೇಲೆ ಎಫ್/3.5-5.6 ಎಂದು ಎರಡು ಅಂಕಿ ಇರುವುದು, 18ರಲ್ಲಿ 3.5 ತೆರೆಯುವ ಕಿಂಡಿ 55ಕ್ಕೆ ಹೋಗುವಷ್ಟರಲ್ಲಿ 5.6ಕ್ಕೆ ಇಳಿದಿರುತ್ತದೆ ಎಂಬ ಸೂಚನೆ.

ಕಿಂಡಿ ದೊಡ್ಡದಾದರೆ ಬೆಳಕಿನ ಜೊತೆ ಇನ್ನೊಂದೂ ಆಗುತ್ತದೆ: ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತದೆ. 50 ಮಿ.ಮೀ., ಎಫ್/1.8ರಲ್ಲಿ ಒಂದು ಮೀಟರ್ ದೂರದ ಮುಖ ತೆಗೆದರೆ ಆ ಪದರ ಸುಮಾರು 3 ಸೆಂ.ಮೀ. ದಪ್ಪ. ಕಣ್ಣು ಚೂಪು, ಕಿವಿ ಮಸುಕು, ಹಿನ್ನೆಲೆ ಬೆಣ್ಣೆ. ಒಬ್ಬರ ಚಿತ್ರಕ್ಕೆ ಇದೇ ಚೆಲುವು. ಎರಡು ಸಾಲಿನಲ್ಲಿ ಕೂತ ನೆಂಟರನ್ನು ಎಫ್/1.8ರಲ್ಲಿ ತೆಗೆದರೆ ಹಿಂದಿನ ಸಾಲಿನವರ ಮುಖ ಮಬ್ಬಾಗಿ ಬೈಗುಳ ತಿನ್ನಬೇಕಾಗುತ್ತದೆ. ಅಲ್ಲಿ ಎಫ್/5.6 ಅಥವಾ 8ಕ್ಕೆ ಹೋಗಬೇಕು.

ಧಿಗಿಣ ಮತ್ತು ತಿರುಗಣೆ ಕಂಬ

ಬೆಳಕು ಸಾಲದ ಎರಡು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಲೆನ್ಸಿಗೆ ಏಕೆ ಹಣ ಹಾಕಬೇಕೆಂದು ಬೇಗ ಅರ್ಥವಾಗುತ್ತದೆ.

ಮೊದಲನೆಯದು ರಾತ್ರಿಯ ಯಕ್ಷಗಾನ. ಐಎಸ್‌ಒ, ಅಂದರೆ ಸೆನ್ಸರಿನಿಂದ ಬಂದ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬ ಅಂಕಿಯನ್ನು 3200ಕ್ಕೆ ಇಟ್ಟಿದ್ದೀರಿ. ಕಿಟ್ ಲೆನ್ಸನ್ನು 55ಕ್ಕೆ ಎಳೆದು ಎಫ್/5.6ರಲ್ಲಿ ನೋಡಿದಾಗ ಶಟರ್ 1/60 ಸೆಕೆಂಡ್ ತೆರೆದಿರಬೇಕೆಂದು ಕ್ಯಾಮೆರಾ ತೋರಿಸುತ್ತಿದೆ ಎನ್ನಿ. ಧಿಗಿಣ ಹಾಕುವ ವೇಷ 1/60 ಸೆಕೆಂಡಿನಲ್ಲಿ ಎಷ್ಟೋ ತಿರುಗಿಬಿಟ್ಟಿರುತ್ತದೆ. ರಂಗಸ್ಥಳದ ಹಲಗೆ ಚೂಪಾಗಿ ಬಂದು, ವೇಷ ಬಣ್ಣದ ಸುಳಿಯಾಗುತ್ತದೆ. ಅದೇ ಜಾಗದಲ್ಲಿ ಎಫ್/1.8 ಲೆನ್ಸ್ ಹಾಕಿದರೆ ಒಂಬತ್ತು ಪಟ್ಟು ಬೆಳಕಿನ ಲೆಕ್ಕದಲ್ಲಿ 1/500 ದಾಟಬಹುದು. ಗಾಳಿಯಲ್ಲಿದ್ದ ಗೆಜ್ಜೆ ಗಾಳಿಯಲ್ಲೇ ನಿಲ್ಲುತ್ತದೆ. ಅಷ್ಟು ವೇಗ ಬೇಡವೆಂದರೆ 1/250ಕ್ಕೆ ಇಳಿಸಿ ಐಎಸ್‌ಒ 1600ಕ್ಕೆ ತಂದು ಚಿತ್ರದಲ್ಲಿನ ಕಾಳುಕಾಳನ್ನು ಕಡಿಮೆ ಮಾಡಬಹುದು.

ಎರಡನೆಯದು ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗ. ಒಳಗೆ ಮಬ್ಬು, ತಿರುಗಣೆ ಕಂಬಗಳ ಬಳೆಬಳೆ ಕೆತ್ತನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ಹಿಡಿಯಬೇಕು. ಇಲ್ಲಿ ಎಫ್/1.8 ಬೇಕೇ ಬೇಕೆಂದಿಲ್ಲ. ಕಂಬ ಅಲುಗಾಡುವುದಿಲ್ಲ, ಅಲುಗಾಡುವುದು ನಿಮ್ಮ ಕೈ. ಕ್ಯಾನನ್ನಿನವರು ಐಎಸ್ ಎಂದೂ ನಿಕಾನಿನವರು ವಿಆರ್ ಎಂದೂ ಕರೆಯುವ ಕೈನಡುಕ ತಡೆಯುವ ವ್ಯವಸ್ಥೆ ಲೆನ್ಸಿನೊಳಗಿನ ಗಾಜನ್ನೇ ಎದುರು ದಿಕ್ಕಿಗೆ ಅಲುಗಿಸಿ ಸರಿದೂಗಿಸುತ್ತದೆ. ಅದಿದ್ದರೆ ಉಸಿರು ಹಿಡಿದು 18 ಮಿ.ಮೀ.ನಲ್ಲಿ 1/8 ಸೆಕೆಂಡಿನಲ್ಲೂ ಚಿತ್ರ ಚೂಪಾಗಿ ಬರುತ್ತದೆ. ಕಿಟ್ ಲೆನ್ಸೇ ಸಾಕು.

ಯಕ್ಷಗಾನಕ್ಕೆ ಐಎಸ್, ವಿಆರ್ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅವು ತಡೆಯುವುದು ನಿಮ್ಮ ಕೈಯ ನಡುಕವನ್ನು, ವೇಷಧಾರಿಯ ಕುಣಿತವನ್ನಲ್ಲ. ಓಡಾಡುವ ಮಗು, ಆಡುವ ನಾಯಿ, ಕಬಡ್ಡಿ ಎಲ್ಲಕ್ಕೂ ಇದೇ ಮಾತು.

ಹೆಸರಿನಲ್ಲಿ ಈ ಅಕ್ಷರಗಳಿವೆಯೇ ಎಂದು ನೋಡಿಯೇ ಕೊಳ್ಳಿ. ಕ್ಯಾನನ್ 18-55ರ ಮೂರನೇ ಆವೃತ್ತಿಯಲ್ಲಿ ಐಎಸ್ ಇಲ್ಲದ್ದೊಂದಿದೆ. ನಿಕಾನ್ ಎಎಫ್-ಪಿ 18-55 ಮತ್ತು 70-300 ಎರಡರಲ್ಲೂ ವಿಆರ್ ಇರುವುದು, ಇಲ್ಲದ್ದು ಎರಡೂ ಇವೆ. ಹೊರಗಿನಿಂದ ನೋಡಿದರೆ ಅಣ್ಣ-ತಮ್ಮಂದಿರ ಹಾಗೆ.

ಹಕ್ಕಿಗೆ ಎಷ್ಟು ಉದ್ದ ಬೇಕು?

ಹಿಂದಿನ ಲೆಕ್ಕವನ್ನೇ ತಿರುಗಿಸಿ. ಹಕ್ಕಿಯ ಉದ್ದವನ್ನು ಸಂಗಮದೂರದಿಂದ ಗುಣಿಸಿ ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಅದು ಎಷ್ಟು ದೊಡ್ಡದಾಗಿ ಬೀಳುತ್ತದೆಂದು ತಿಳಿಯುತ್ತದೆ.

ರಂಗನತಿಟ್ಟಿನಲ್ಲಿ ದೋಣಿಯಿಂದ 15 ಮೀಟರ್ ದೂರದ ಬಂಡೆಯ ಮೇಲೆ ಮೂರಡಿ ಎತ್ತರದ ಬಣ್ಣದ ಕೊಕ್ಕರೆ ನಿಂತಿದ್ದರೆ, 250 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ 15 ಮಿ.ಮೀ. ದಾಟುತ್ತದೆ. ಎಪಿಎಸ್-ಸಿ ಫ್ರೇಮು ತಲೆಯಿಂದ ಕಾಲಿನವರೆಗೆ ಹೆಚ್ಚುಕಡಿಮೆ ತುಂಬಿತು. ಊರ ಕೆರೆಯ ಪಕ್ಕ 10 ಮೀಟರ್ ದೂರದ ಕಡ್ಡಿಯ ಮೇಲೆ 16 ಸೆಂ.ಮೀ. ಉದ್ದದ ಪುಟ್ಟ ಮಿಂಚುಳ್ಳಿ ಕೂತರೆ 300 ಮಿ.ಮೀ.ನಲ್ಲೂ ಬಿಂಬ 4.8 ಮಿ.ಮೀ., ಫ್ರೇಮಿನ ಅಗಲದಲ್ಲಿ ಐದನೇ ಒಂದು ಭಾಗ. 600 ಮಿ.ಮೀ. ಹಾಕಿದರೆ ಐದರಲ್ಲಿ ಎರಡು ಭಾಗ. ಹಕ್ಕಿ ಎಂದರೆ 600 ಬೇಕು ಎನ್ನುವ ಮಾತು ಯಾವ ಹಕ್ಕಿ, ಎಷ್ಟು ದೂರ ಎಂದು ಕೇಳದೆ ಹೇಳಿದ್ದು.

ಮೊದಲ ಉದ್ದದ ಲೆನ್ಸಾಗಿ ಕ್ಯಾನನ್ನಿಗೆ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ, ನಿಕಾನಿಗೆ ಎಎಫ್-ಪಿ ಡಿಎಕ್ಸ್ 70-300 ವಿಆರ್ ಚೆನ್ನಾಗಿವೆ, ಹಗುರವೂ ಹೌದು. ಕ್ಯಾನನ್ 75-300 ಅಗ್ಗಕ್ಕೆ, ಎಷ್ಟೋ ಸಲ 'ಡಬಲ್ ಕಿಟ್' ಹೆಸರಿನಲ್ಲಿ ಸಿಗುತ್ತದೆ. ಮೂರನೇ ಆವೃತ್ತಿಯಲ್ಲಿ ಐಎಸ್ ಇಲ್ಲ, 300ರ ತುದಿಯಲ್ಲಿ ಚಿತ್ರ ಮೆತ್ತಗೆ. ಬಿಟ್ಟರೆ ನಷ್ಟವಿಲ್ಲ. ಟ್ಯಾಮ್ರಾನ್, ಸಿಗ್ಮಾ 150-600ಗಳು ಎರಡು ಕಿಲೊ ಆಸುಪಾಸಿನವು, ಕೆಲವು ಇನ್ನೂ ಭಾರ. ಕೈ ಸೋತ ಮೇಲೆ ಮಾರಲು ಹೊರಡುವವರೇ ಹೆಚ್ಚು, ಆದ್ದರಿಂದ ಸೆಕೆಂಡ್‌ಹ್ಯಾಂಡಿನಲ್ಲಿ ಒಳ್ಳೆಯವು ಸಿಗುತ್ತವೆ.

ಉದ್ದದ ಲೆನ್ಸಿನಲ್ಲಿ ಚಿತ್ರ ಅಲುಗುವ ದೂರಿಗೆ ಹಳೆಯದೊಂದು ಲೆಕ್ಕವಿದೆ: ಸಂಗಮದೂರವನ್ನು 1.5ರಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸಿ. 300 ಮಿ.ಮೀ.ಗೆ 1/450, ಅಂದರೆ ಕ್ಯಾಮೆರಾದಲ್ಲಿ 1/500. ವಿಆರ್ ಇದ್ದರೆ ಇದಕ್ಕಿಂತ ಇಳಿಯಬಹುದು, ಆದರೆ ಹಾರುವ ಹಕ್ಕಿಗೆ 1/1000ಕ್ಕಿಂತ ಕೆಳಗೆ ಬರಬೇಡಿ.

ಕೊಂಡು ತಂದ ಮೇಲೆ ಕೂರದ ಲೆನ್ಸು, ತಿರುಗದ ಮೋಟರು

ಲೆನ್ಸ್ ಬಾಡಿಗೆ ಕಚ್ಚಿಕೊಳ್ಳುವ ಲೋಹದ ಬಳೆಗೆ ಮೌಂಟ್ ಎಂದು ಹೆಸರು. ನಿಕಾನಿನ ಎಫ್ ಮೌಂಟ್ 1959ರದು, ಕ್ಯಾನನ್ನಿನ ಇಎಫ್ 1987ರದು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಸ್ನೇಹಿತರ ಅಥವಾ ಚಿಕ್ಕಪ್ಪನ ಮನೆಯಲ್ಲಿ ಲೆನ್ಸ್‌ಗಳಿದ್ದು ಎರವಲು ಸಿಗುವಂತಿದ್ದರೆ ಆ ಕಂಪನಿಯದನ್ನೇ ಕೊಳ್ಳಲು ಅದೊಂದೇ ಕಾರಣ ಸಾಕು.

ನಿಕಾನಿನಲ್ಲಿ ಮೋಸಹೋಗುವ ಜಾಗ ಮೋಟರು. ಹಳೆಯ ಎಎಫ್-ಡಿ ಲೆನ್ಸ್‌ಗಳಲ್ಲಿ ಫೋಕಸ್ ಮೋಟರ್ ಇಲ್ಲ, ಬಾಡಿಯಲ್ಲಿರುವ ಮೋಟರು ಸ್ಕ್ರೂಡ್ರೈವರಿನಂತೆ ತಿರುಗಿಸಬೇಕು. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ (ಡಿ3500, ಡಿ5600 ಸೇರಿ) ಆ ಮೋಟರೂ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು 50 ಮಿ.ಮೀ. ಎಫ್/1.8ಡಿ ತಂದರೆ ಫೋಕಸನ್ನು ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. ಈ ಬಾಡಿಗಳಿಗೆ ಬೇಕಾದದ್ದು ಮೋಟರ್ ಒಳಗೇ ಇರುವ ಎಎಫ್-ಎಸ್ ಅಥವಾ ಎಎಫ್-ಪಿ ಲೆನ್ಸ್. ಡಿ7000 ಸಾಲಿನವುಗಳಲ್ಲಿ, ಡಿ7500ರಲ್ಲೂ, ಮೋಟರ್ ಇದೆ. ಎಎಫ್-ಪಿಗೂ ಒಂದು ಕಟ್ಟು ಇದೆ: ಡಿ3200, ಡಿ5100 ಮತ್ತು ಅದಕ್ಕಿಂತ ಹಳೆಯ ಬಾಡಿಗಳಲ್ಲಿ ಅದು ಫೋಕಸ್ಸೇ ಆಗುವುದಿಲ್ಲ.

ಕ್ಯಾನನ್ ಇಎಫ್ ಲೆನ್ಸ್‌ಗಳಿಗೆಲ್ಲ ಮೋಟರ್ ಒಳಗೇ ಇರುವುದರಿಂದ ಈ ತಲೆನೋವಿಲ್ಲ. ಅಲ್ಲಿ ನೋಡಬೇಕಾದದ್ದು ಇಎಫ್-ಎಸ್ ಎಂಬ ಗುರುತು. ಅದು ಎಪಿಎಸ್-ಸಿಗೆ ಮಾತ್ರ, ಫುಲ್ ಫ್ರೇಮ್ ಕ್ಯಾನನ್ ಬಾಡಿಗೆ ಕೂರುವುದೇ ಇಲ್ಲ.

ಮುಂದೆ ಮಿರರ್‌ಲೆಸ್ಸಿಗೆ ಹೋದರೆ ಇವೆಲ್ಲ ತಿಪ್ಪೆಗೆ ಹೋಗುತ್ತವೆಯೇ? ಇಲ್ಲ. ಕ್ಯಾನನ್ನಿನ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್‌ಎಫ್ ಮೌಂಟಿನ ಬಾಡಿಗಳಲ್ಲಿ ಆಟೊಫೋಕಸ್ ಸಮೇತ ನಡೆಯುತ್ತವೆ. ನಿಕಾನಿನ ಎಎಫ್-ಎಸ್, ಎಎಫ್-ಪಿಗಳು ಎಫ್‌ಟಿಝೆಡ್ ಅಡಾಪ್ಟರಿನೊಂದಿಗೆ ಝೆಡ್ ಬಾಡಿಗಳಲ್ಲಿ ಹಾಗೇ. ಬಾಡಿ ಹಳತಾದರೂ ಲೆನ್ಸ್ ಉಳಿಯುತ್ತದೆ ಎನ್ನುವುದು ಇದಕ್ಕೆ. ಕೈಲಿರುವ ಹಣದ ಅರ್ಧಕ್ಕಿಂತ ಹೆಚ್ಚನ್ನು ಲೆನ್ಸಿಗೆ ಎತ್ತಿಡಿ.

ಹಾಗಾದರೆ ಯಾವ ಜೋಡಿ?

ಮನೆ, ಮಕ್ಕಳು, ಹಬ್ಬ: ಕಿಟ್ 18-55ರ ಜೊತೆ ನಿಕಾನಿಗೆ 35 ಮಿ.ಮೀ. ಎಫ್/1.8ಜಿ ಡಿಎಕ್ಸ್. ಕ್ಯಾನನ್ನಿನಲ್ಲಿ ಇದಕ್ಕೆ ಸರಿಸಮನಾದ ಅಗ್ಗದ್ದಿಲ್ಲ. ಇಎಫ್-ಎಸ್ 24 ಮಿ.ಮೀ. ಎಫ್/2.8 ದೋಸೆಯಷ್ಟು ತೆಳು, ಕೋಣೆಗೆ ಅನುಕೂಲ, ಬೆಳಕು ಮಾತ್ರ 1.8ರ ಅರ್ಧಕ್ಕಿಂತ ಕಡಿಮೆ. ವೇದಿಕೆ, ಯಕ್ಷಗಾನ, ಒಬ್ಬೊಬ್ಬರ ಮುಖ: 50 ಮಿ.ಮೀ. ಎಫ್/1.8, ಕ್ಯಾನನ್ನಿನಲ್ಲಿ 2015ರಲ್ಲಿ ಬಂದ ಎಸ್‌ಟಿಎಂ ಆವೃತ್ತಿ. ಹಕ್ಕಿ: ಮೇಲೆ ಹೇಳಿದ ಉದ್ದದ್ದು. ಬೆಟ್ಟ, ಗುಡಿ, ಹಂಪಿ: 18-55 ಸಾಕು. ಅದಕ್ಕಿಂತ ಅಗಲದ 10-18, 10-20ಗಳನ್ನು ಒಂದು ವರ್ಷ ಕಳೆದು ನಿಜಕ್ಕೂ ಬೇಕೆನಿಸಿದರೆ ನೋಡಿ.

18ರಿಂದ 300ರವರೆಗೆ ಎಲ್ಲವೂ ಒಂದರಲ್ಲೇ ಎನ್ನುವ ಲೆನ್ಸ್‌ಗಳ ಆಸೆ ಸಹಜ. ಅಷ್ಟು ಅಗಲದ ವ್ಯಾಪ್ತಿಗೆ ಗಾಜು ಜೋಡಿಸುವಾಗ ಎರಡು ತುದಿಗಳಲ್ಲೂ ರಾಜಿ ಮಾಡಿಕೊಂಡಿರುತ್ತಾರೆ, ಕಿಂಡಿಯೂ ಚಿಕ್ಕದು. ಲೆನ್ಸ್ ಬದಲಿಸಲು ಬೇಸರವಾದವರಿಗೆ ಸರಿ.

ಬಾಡಿಗಳಲ್ಲಿ ಹೊಸಬರ ಕೈಗೆ ಹೆಚ್ಚು ಸಿಗುವುದು ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಮತ್ತು ನಿಕಾನ್ ಡಿ3500, ಡಿ5600. 3000ಡಿಯಲ್ಲಿ 18 ಮೆಗಾಪಿಕ್ಸೆಲ್, ಮೌಂಟ್ ಪ್ಲಾಸ್ಟಿಕ್ಕಿನದು, ಕನ್ನಡಕ ಹಾಕುವವರಿಗೆ ಬೇಕಾದ ವ್ಯೂಫೈಂಡರ್ ಹೊಂದಿಸುವ ಗಾಲಿಯೂ ಇಲ್ಲ. ಉಳಿಸುವ ದುಡ್ಡಿಗೆ ಅದು ತಕ್ಕದ್ದಲ್ಲ. ಅಲ್ಪಸ್ವಲ್ಪ ವಿಡಿಯೊ ಬೇಕೆಂದರೆ ಈ ಐದರಲ್ಲಿ 200ಡಿ ಮಾರ್ಕ್ 2 ಮುಂದು: ಲೈವ್ ವ್ಯೂನಲ್ಲೂ ಚುರುಕಾದ ಫೋಕಸ್, ತಿರುಗುವ ಪರದೆ, ಮೈಕ್ ಹಾಕಲು ತೂತು. 1500ಡಿ, ಡಿ3500ಗಳಿಗೆ ಮೈಕ್ ತೂತೇ ಇಲ್ಲ.

ಮದುವೆ ಕೆಲಸ ಕಲಿಯಲು ಹೊರಟವರು ಒಂದು ಸಂಗತಿ ಗಮನಿಸಬೇಕು. 1500ಡಿ, 3000ಡಿ, 200ಡಿ ಮಾರ್ಕ್ 2 ಮೂರರಲ್ಲೂ ತಲೆಯ ಮೇಲಿನ ಫ್ಲ್ಯಾಶ್ ಕೂರುವ ಜಾಗದಲ್ಲಿ ನಡುವಿನ ಪಿನ್ ಇಲ್ಲ. ಆ ಒಂದೇ ಪಿನ್ನಿನಿಂದ ಉರಿಯುವ ಅಗ್ಗದ ಫ್ಲ್ಯಾಶ್, ಸ್ಟುಡಿಯೊ ಟ್ರಿಗರ್‌ಗಳು ಇವುಗಳ ಮೇಲೆ ಉರಿಯುವುದಿಲ್ಲ. ಕ್ಯಾನನ್ನಿನದೇ ಫ್ಲ್ಯಾಶ್ ಬೇಕು, ಇಲ್ಲವೇ ಈ ಬಾಡಿಗೆ ಹೊಂದುತ್ತದೆಂದು ಹೆಸರು ಹೇಳಿಯೇ ಬರೆದಿರುವುದು ಬೇಕು.

ಸೆಕೆಂಡ್‌ಹ್ಯಾಂಡ್ ನೋಡಲು ಹೋಗುವಾಗ

ಜೇಬಿನಲ್ಲಿ ನಿಮ್ಮದೇ ಮೆಮೊರಿ ಕಾರ್ಡ್, ಒಂದು ಸಣ್ಣ ಟಾರ್ಚ್ ಇರಲಿ. ಹಗಲು ಹೊತ್ತಿನಲ್ಲೇ ಹೋಗಿ.

ಮೊದಲು ಲೆನ್ಸ್. ಬಾಡಿಯಿಂದ ಬಿಚ್ಚಿ, ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡನ ಬಲೆಯಂಥ ಕವಲುಕವಲು ಗೆರೆ ಕಂಡರೆ ಅದು ಬೂಷ್ಟು, ಫಂಗಸ್. ಗಾಜಿನ ಲೇಪವನ್ನೇ ತಿಂದಿರಬಹುದು, ಬೆಲೆ ಎಷ್ಟೇ ಇಳಿಸಿದರೂ ಬೇಡ. ಝೂಮ್ ತಿರುಗಿಸುವಾಗ ಮರಳು ಉಜ್ಜಿದ ಸದ್ದು, ನಡುವೆ ಸಿಕ್ಕಿಕೊಳ್ಳುವುದು ಇರಬಾರದು.

ಆಮೇಲೆ ಸೆನ್ಸರ್. ಎಫ್/16ಕ್ಕೆ ಇಟ್ಟು, ಫೋಕಸ್ ಕೈಗೆ ಬದಲಿಸಿ, ಬಿಳಿ ಗೋಡೆ ಅಥವಾ ಆಕಾಶವನ್ನು ಬೇಕೆಂದೇ ಮಸುಕಾಗಿ ತೆಗೆಯಿರಿ. ಪರದೆಯಲ್ಲಿ ಹಿಗ್ಗಿಸಿದಾಗ ಕಾಣುವ ಕಪ್ಪು ಚುಕ್ಕೆ ಧೂಳು, ಅದನ್ನು ತೆಗೆಸಬಹುದು. ಗೆರೆ ಕಂಡರೆ ಗೀರು, ಅದು ಹೋಗುವುದಿಲ್ಲ.

ಫೋಕಸ್ ಪರೀಕ್ಷೆಗೆ ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಓರೆಯಾಗಿ ನಿಂತು, ಕಿಂಡಿ ಪೂರ್ತಿ ತೆರೆದು, ನಡುವಿನ ಒಂದೇ ಫೋಕಸ್ ಚುಕ್ಕೆಯನ್ನು ಒಂದು ಸಾಲಿನ ಮೇಲಿಟ್ಟು ವ್ಯೂಫೈಂಡರಿನಿಂದ ತೆಗೆಯಿರಿ. ಅದೇ ಸಾಲನ್ನು ಲೈವ್ ವ್ಯೂನಲ್ಲಿ ಇನ್ನೊಮ್ಮೆ. ಲೈವ್ ವ್ಯೂ ಚಿತ್ರದಲ್ಲಿ ಆ ಸಾಲೇ ಚೂಪಾಗಿದ್ದು, ವ್ಯೂಫೈಂಡರ್ ಚಿತ್ರದಲ್ಲಿ ಪ್ರತಿ ಸಲವೂ ಮೇಲಿನ ಅಥವಾ ಕೆಳಗಿನ ಸಾಲು ಚೂಪಾದರೆ, ಮೊದಲು ಹೇಳಿದ ಕನ್ನಡಿ ಕೆಳಗಿನ ವ್ಯತ್ಯಾಸ ಅದೇ. ಡಿ7500ರಂಥ ಬಾಡಿಯಲ್ಲಿ ಮೆನುವಿನಿಂದ ತಿದ್ದಿಕೊಳ್ಳಬಹುದು. 1500ಡಿ, ಡಿ3500ರಲ್ಲಿ ಆ ಸೌಲಭ್ಯ ಇಲ್ಲ, ಸರ್ವಿಸ್ ಸೆಂಟರಿಗೇ ಹೋಗಬೇಕು.

ಶಟರ್ ಎಷ್ಟು ಸಲ ಓಡಿದೆ ಎಂಬ ಲೆಕ್ಕ ಬೈಕಿನ ಕಿಲೊಮೀಟರಿನ ಹಾಗೆ. ನಿಕಾನ್ ಪ್ರತಿ ಫೋಟೊ ಫೈಲಿನೊಳಗೆ ಅದನ್ನು ಬರೆದಿಡುತ್ತದೆ, ಓದಿ ಹೇಳುವ ಉಚಿತ ತಾಣಗಳಿವೆ. ಫೈಲ್ ಕಾರ್ಡಿನಿಂದ ನೇರ ತೆಗೆದದ್ದಾಗಿರಬೇಕು, ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ. ಕ್ಯಾನನ್ನಿನ ಹೆಚ್ಚಿನ ಬಾಡಿಗಳಲ್ಲಿ ಫೈಲಿನಲ್ಲಿ ಸಿಗುವುದಿಲ್ಲ, ಕೇಬಲ್ ಹಾಕಿ ಕಂಪ್ಯೂಟರಿನ ತಂತ್ರಾಂಶದಿಂದ ಓದಬೇಕು. ಡಿ3500ರ ಶಟರ್ 1 ಲಕ್ಷಕ್ಕೆ, ಡಿ7500ರದು 1.5 ಲಕ್ಷಕ್ಕೆ ಪರೀಕ್ಷೆಯಾಗಿದೆ. ಅಷ್ಟಾದ ಕೂಡಲೇ ನಿಂತುಹೋಗುತ್ತದೆ ಎಂದಲ್ಲ, ಚೌಕಾಸಿಗೆ ಮಾತ್ರ ಒಳ್ಳೆಯ ಆಧಾರ.

ಬಿಲ್ಲಿನ ಮೇಲಿನ ಕ್ರಮಸಂಖ್ಯೆ ಬಾಡಿಯ ತಳದ ಸಂಖ್ಯೆಗೆ ತಾಳೆಯಾಗಬೇಕು. ಬಿಲ್ಲೇ ಇಲ್ಲದ, ವಿದೇಶದಿಂದ ತಂದದ್ದೆನ್ನುವ ಮಾಲಿಗೆ ಇಲ್ಲಿ ವಾರಂಟಿ ಸಿಗದಿರುವ ಸಾಧ್ಯತೆಯೇ ಹೆಚ್ಚು. ಬ್ಯಾಟರಿ ಹೊರಗೆ ತೆಗೆದು ಉಬ್ಬಿದೆಯೇ ನೋಡಿ, ಉಬ್ಬಿದ ಬ್ಯಾಟರಿ ಒಳಗೇ ಸಿಕ್ಕಿಕೊಂಡು ಬಾಡಿಯನ್ನೇ ಬಿಚ್ಚಿಸುತ್ತದೆ.

ಮಳೆಗಾಲದ ಮೊದಲು

ಮಲೆನಾಡು, ಕರಾವಳಿಯಲ್ಲಿ ಲೆನ್ಸಿನ ದೊಡ್ಡ ಶತ್ರು ಬೀಳುವುದಲ್ಲ, ಬೂಷ್ಟು. ತೇವ, ಕತ್ತಲೆ, ಕದಲದ ಗಾಳಿ ಮೂರೂ ಸೇರಿದಲ್ಲಿ ಅದು ಹಬ್ಬುತ್ತದೆ. ಕ್ಯಾಮೆರಾ ಬ್ಯಾಗಿನ ಒಳಗೆ, ಬೀರುವಿನಲ್ಲಿ ಬಟ್ಟೆಯ ನಡುವೆ ಮೂರೂ ಇವೆ. ಅಡುಗೆ ಮನೆಗೆ ಸಿಗುವ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮೀಟರ್ ಇಷ್ಟಿದ್ದರೆ ಸಾಕು. ಮೀಟರ್ 40ರಿಂದ 50 ಪ್ರತಿಶತದ ನಡುವೆ ಇರಲಿ. 30ಕ್ಕಿಂತ ಕೆಳಗಿಳಿಸಿ ಒಣಗಿಸಿದರೆ ಒಳಗಿನ ಗ್ರೀಸ್, ರಬ್ಬರಿಗೆ ಒಳ್ಳೆಯದಲ್ಲ. ಸಿಲಿಕಾ ಬದಲು ಅಕ್ಕಿ ಹಾಕುವವರಿದ್ದಾರೆ, ಅಕ್ಕಿಯ ಹಿಟ್ಟು ಲೆನ್ಸಿನೊಳಗೆ ಹೋಗುತ್ತದೆ.

ನೀಲಿ ಸಿಲಿಕಾ ತೇವ ಹೀರಿ ಗುಲಾಬಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಣ್ಣ ಕೋಬಾಲ್ಟ್ ಲವಣದ್ದು, ವಿಷ. ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಅದಕ್ಕೇ ಒಂದು ಹಳೆಯ ಪಾತ್ರೆ ಬೇರೆ ಇಡಿ. ಮಳೆ ಬಿಟ್ಟ ದಿನ ಕ್ಯಾಮೆರಾ ಹೊರಗೆ ತೆಗೆದು ನಾಲ್ಕು ಫೋಟೊ ತೆಗೆದರೆ ಲೆನ್ಸಿಗೂ ಗಾಳಿ ಬೆಳಕು ಸಿಗುತ್ತದೆ. ಎಸಿ ಕಾರಿನಿಂದ ಇಳಿದ ಕೂಡಲೇ ಮಾತ್ರ ತೆಗೆಯಬೇಡಿ: ತಣ್ಣಗಿನ ಗಾಜಿನ ಮೇಲೆ ಸೆಕೆಯ ಗಾಳಿ ಬೆವರಿಳಿಸುತ್ತದೆ. ಬ್ಯಾಗಿನ ಝಿಪ್ಪು ಹಾಕಿಯೇ ಅರ್ಧ ಗಂಟೆ ಹೊರಗಿಟ್ಟು, ಆಮೇಲೆ ಬಿಚ್ಚಿ.